ಗುರುವಾರ ಹೊರತುಪಡಿಸಿ

ನಾನು ಕನ್ನಡ ಸರಾಗವಾಗಿ ಓದೋಕೆ ಕಲಿತದ್ದು ನಮ್ಮ ವಾರ್ಡಿನ ಕಾರ್ಪೊರೇಟರ್ ಕಳಿಸುತ್ತಿದ್ದ ವಾಟ್ಸಾಪ್ ಮೆಸೇಜುಗಳಿಂದ. ನಗಬೇಡಿ, ನಿಜ.

ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಪರೀಕ್ಷೆಗೆ ಗೈಡ್ ಬಾಯಿಪಾಠ ಮಾಡಿ ಹೇಗೋ ಪಾಸಾಗುತ್ತಿದ್ದೆ. ಮನೇಲಿ ಅಜ್ಜಿಗೆ ಕಣ್ಣಿನ ಪೊರೆ, ಫೋನಿನ ಅಕ್ಷರ ಕಾಣುತ್ತಿರಲಿಲ್ಲ. ಸಂಜೆ ನಾನು ಬ್ಯಾಗ್ ಇಡೋಕೆ ಮುಂಚೆನೇ "ನಮ್ಮ ಕಾರ್ಪೊರೇಟರಮ್ಮ ಏನು ಹಾಕಿದಾಳೆ ನೋಡು" ಅನ್ನೋರು. ನಾನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕು. ನಾಲ್ಕನೇ ಅಡ್ಡರಸ್ತೆಯಲ್ಲಿ ಮೋರಿ ಹೂಳೆತ್ತುತ್ತಾರೆ, ಗಾಡಿ ನಿಲ್ಲಿಸಬೇಡಿ. ಶನಿವಾರ ವಾರ್ಡ್ ಸಮಿತಿ ಸಭೆ ಇದೆ, ಬನ್ನಿ. ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಿ. ಕಾಮಗಾರಿ, ಒಳಚರಂಡಿ, ಅಂದಾಜು ಪಟ್ಟಿ – ಪಠ್ಯಪುಸ್ತಕದಲ್ಲಿ ಸಿಗದ ಪದಗಳೆಲ್ಲ ನನಗೆ ಸಿಕ್ಕಿದ್ದು ಅಲ್ಲೇ.

ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮೆಸೇಜ್ ಬಂತು: "ಪೈಪ್ ದುರಸ್ತಿ ಇರುವುದರಿಂದ ಗುರುವಾರ ಹೊರತುಪಡಿಸಿ ಎಂದಿನಂತೆ ನೀರು ಬರುತ್ತದೆ." 'ಹೊರತುಪಡಿಸಿ' ಅಂದರೇನು ಅಂತ ಗೊತ್ತಿರಲಿಲ್ಲ. ಉದ್ದ ಪದ ಅಂತ ಹಾರಿಸಿಬಿಟ್ಟೆ. "ಅಜ್ಜಿ, ಗುರುವಾರ ಎಂದಿನಂತೆ ನೀರು ಬರುತ್ತಂತೆ" ಅಂದೆ.

ಗುರುವಾರ ಬೆಳಗ್ಗೆ ಅಜ್ಜಿ ಮನೆಯ ಹೊದಿಕೆ, ಜಮಖಾನ ಎಲ್ಲ ಸೋಪಿನ ನೀರಲ್ಲಿ ನೆನೆಹಾಕಿ ಕೂತರು. ಸಂಪಿನಲ್ಲಿ ತಳ ಕಾಣುತ್ತಿತ್ತು. ಮಧ್ಯಾಹ್ನವಾದರೂ ನೀರಿಲ್ಲ. ಅಜ್ಜಿ ನೇರ ಕಾರ್ಪೊರೇಟರಿಗೇ ಫೋನ್ ಮಾಡಿಸಿ, "ಏನಮ್ಮಾ, ನೀರು ಬರುತ್ತೆ ಅಂತ ಹಾಕಿ ಹೀಗೆ ಮಾಡಬಹುದಾ?" ಅಂತ ಐದು ನಿಮಿಷ ಬೈದರು. ಅವರು ಪೂರ್ತಿ ಕೇಳಿಸಿಕೊಂಡು, "ಅಮ್ಮ, ಮೊಮ್ಮಗಳ ಹತ್ರ ಇನ್ನೊಂದ್ಸಲ ಓದಿಸಿ" ಅಂದರು. ಆಮೇಲೆ ಅಜ್ಜಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಈಗ ಯೋಚಿಸಿದರೆ ಇನ್ನೊಂದು ಹೊಳೆಯುತ್ತೆ. ಬೆಂಗಳೂರಲ್ಲಿ ನೀರು ಬಿಡೋದು ಜಲಮಂಡಳಿ, ಕರೆಂಟ್ ಬೆಸ್ಕಾಂ. ಕಾರ್ಪೊರೇಟರ್ ಕೈಯಲ್ಲಿ ಅವೆರಡೂ ಇಲ್ಲ. ಆದರೂ ಅಜ್ಜಿ ಬೈದದ್ದು ಅವರಿಗೆ, ಅವರು ಬೈಸಿಕೊಂಡದ್ದೂ ಸಹಜವಾಗಿಯೇ. ಅವರೇನು ದೇವತೆ ಅಂತ ಹೇಳ್ತಿಲ್ಲ. ಅವರ ಹುಟ್ಟುಹಬ್ಬಕ್ಕೆ ಇಡೀ ರಸ್ತೆಗೆ ಬ್ಯಾನರ್ ಬೀಳುತ್ತಿತ್ತು, ಅದರಲ್ಲಿ ಅವರಿಗಿಂತ ಅವರ ಯಜಮಾನರ ಫೋಟೋ ದೊಡ್ಡದಾಗಿ ಇರುತ್ತಿತ್ತು. ಮಾಡ್ತೀವಿ ಅಂದ ಪಾರ್ಕು ಆಗಲೇ ಇಲ್ಲ. ಆದರೆ ಆಗಲ್ಲ ಅನ್ನೋದನ್ನೂ ಅವರೇ ಗ್ರೂಪಿನಲ್ಲಿ ಹಾಕಿದರು. ಜನ ಬಾಯಿಗೆ ಬಂದ ಹಾಗೆ ಕೇಳಿದರು. ಒಬ್ಬೊಬ್ಬರಿಗೂ ಉತ್ತರ ಕೊಟ್ಟರು. ಕೊಡಲೇಬೇಕಿತ್ತು, ಮತ್ತೆ ವೋಟು ಕೇಳೋಕೆ ಬರಬೇಕಲ್ಲ!

ಅವರೆಲ್ಲ ಗೆದ್ದದ್ದು 2015ರ ಆಗಸ್ಟ್ ಚುನಾವಣೆಯಲ್ಲಿ, ಒಟ್ಟು 198 ವಾರ್ಡು. ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ, ಕೊರೋನಾ ಮಧ್ಯದಲ್ಲಿ. ಯಾರ ಮನೆ ಸೀಲ್‌ಡೌನ್, ರೇಷನ್ ಎಲ್ಲಿ ಕೊಡ್ತಾರೆ ಅಂತ ದಿನಕ್ಕೆ ಹತ್ತು ಮೆಸೇಜ್ ಬರುತ್ತಿದ್ದ ಗ್ರೂಪು ನಿಧಾನಕ್ಕೆ ಗುಡ್ ಮಾರ್ನಿಂಗ್ ಗ್ರೂಪ್ ಆಯಿತು. ಕೌನ್ಸಿಲ್ ಬದಲು ಆಡಳಿತಾಧಿಕಾರಿ ಬಂದರು. ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ ನಗರಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯೋದರೊಳಗೆ ಚುನಾವಣೆ ಆಗಬೇಕು. ಸಿವಿಕ್ಸ್‌ನಲ್ಲಿ ಇದನ್ನ ಬರೆದು ಮಾರ್ಕ್ಸ್ ತಗೊಂಡಿದ್ದೀನಿ. ವಾರ್ಡ್ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಹೋದವು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದವು. ಐದೂ ಶುರುವಾದದ್ದು ಚುನಾಯಿತ ಸದಸ್ಯರು ಇಲ್ಲದೆಯೇ.

ಇದು ಬೆಂಗಳೂರಿನ ಕಥೆ ಮಾತ್ರ ಅಂದುಕೊಂಡಿದ್ದೆ. ಹಾಸ್ಟೆಲ್ ಹುಡುಗಿಯರ ಹತ್ರ ಮಾತಾಡಿದಾಗ ಗೊತ್ತಾಯಿತು, ಮೈಸೂರಿನ ಕೌನ್ಸಿಲ್ ಅವಧಿ 2023ಕ್ಕೇ ಮುಗಿದಿತ್ತು, ಮಂಗಳೂರಿನದು 2025ರಲ್ಲಿ. ಹುಬ್ಬಳ್ಳಿ ಗೆಳತಿ ಮಾತ್ರ ಜಂಬದಿಂದ ಹೇಳಿದಳು: "ನಮ್ಮ ಕಡೆ 2021ರಾಗ ಎಲೆಕ್ಷನ್ ಆಗೇತಿ. ನೀರ್ ಯಾವಾಗ ಬರ್ತೈತಿ ಅಂತ ನಮ್ಮವ್ವ ಕಾರ್ಪೊರೇಟರ್‌ಗೇ ಫೋನ್ ಹಚ್ಚತಾಳ. ಹೇಳೂತನಕ ಬಿಡಂಗಿಲ್ಲ." ನನಗೆ ಅಜ್ಜಿ ನೆನಪಾದರು.

ಹೋದ ತಿಂಗಳು ನಮ್ಮ ಮನೆ ಮುಂದೆ ರಸ್ತೆ ಅಗೆದು ಬೋರ್ಡ್ ಹಾಕಿದರು: "ಕಾಮಗಾರಿ ಪ್ರಗತಿಯಲ್ಲಿದೆ." ಅಜ್ಜಿಗೆ ಈಗ ಕಣ್ಣಿನ ಆಪರೇಷನ್ ಆಗಿದೆ, ಅವರೇ ಓದಿಕೊಂಡರು. "ಎಷ್ಟು ದಿನ ಅಂತ ಬರೆದೇ ಇಲ್ವಲ್ಲೇ" ಅಂದರು. ಯಾರನ್ನ ಕೇಳೋದು? ಹಳೇ ನಂಬರಿಗೆ ಫೋನ್ ಮಾಡಿದೆ. ಎತ್ತಿದರು! "ನಾನೂ ಇಂಜಿನಿಯರ್ ಹತ್ರ ಕೇಳಿದೆ ಕಣಮ್ಮ. ನೋಡ್ತೀವಿ ಮೇಡಂ ಅಂದ್ರು. ಆಗ ಆಗಿದ್ರೆ ಸಭೇಲಿ ಎದ್ದು ನಿಂತು ಕೇಳ್ತಿದ್ದೆ. ಈಗ ನಾನೂ ನಿನ್ನ ಹಾಗೇನೇ."

ಆ ಮಾತು ತುಂಬ ದಿನ ತಲೆಯಲ್ಲಿ ಉಳೀತು. ಸುದ್ದಿಗೆ ಈಗ ಕಮ್ಮಿ ಇಲ್ಲ. ಆಪ್ ಇದೆ, ಹೆಲ್ಪ್‌ಲೈನ್ ಇದೆ, ದೂರು ಕೊಟ್ಟರೆ ನಂಬರ್ ಬರುತ್ತೆ. ಆದರೆ ಸುದ್ದಿ ಹೇಳಿದವರನ್ನ ಹಿಡಿದು "ಯಾಕೆ?" ಅಂತ ಕೇಳೋ ದಾರಿ ಇಲ್ಲ. ವರ್ಗಾವಣೆ ಆಗಿ ಬರೋ ಅಧಿಕಾರಿ ಎಷ್ಟೇ ಒಳ್ಳೆಯವರಾಗಲಿ, ಅವರು ಅಜ್ಜಿಯ ವೋಟಿಗೆ ಹೆದರಬೇಕಾಗಿಲ್ಲ.

ನನಗೆ ಹತ್ತೊಂಬತ್ತು. ಇಲ್ಲಿತನಕ ಒಂದು ವೋಟೂ ಹಾಕಿಲ್ಲ. ನನ್ನ ಮೊದಲ ವೋಟು ವಾರ್ಡಿಗೇ ಆಗಲಿ ಅಂತ ಆಸೆ. ಲಿಸ್ಟಿನಲ್ಲಿ ಹೆಸರು ಸೇರಿಸಿ ಆಯಿತು. ನೀವೂ ಸೇರಿಸಿ: ಫಾರ್ಮ್ 6, ಆನ್‌ಲೈನಿನಲ್ಲೇ ತುಂಬಬಹುದು. ಹಾಸ್ಟೆಲಿನಲ್ಲಿರೋರು ಹಾಸ್ಟೆಲ್ ವಿಳಾಸದಲ್ಲೂ ಸೇರಿಸಬಹುದು, ಆದರೆ ಊರಲ್ಲಿ ಅಥವಾ ಇಲ್ಲಿ, ಒಂದೇ ಕಡೆ.

ಯಾರಿಗೆ ಹಾಕಲಿ ಅಂತ ಅಜ್ಜಿಯನ್ನ ಕೇಳಿದೆ. ಅವರು ಹುರುಳಿಕಾಯಿ ಮುರಿಯುತ್ತಾ ಕೂತಿದ್ದರು, ತಲೆ ಎತ್ತದೆ ಹೇಳಿದರು: "ಬೈದರೂ ಫೋನ್ ಇಡದೇ ಇರೋರಿಗೆ ಹಾಕು."