ಧ್ರುವನ ಮುಂದೊಂದು ಮಹಡಿ

ಪಕ್ಕದ ಮನೆಯವರು ಮೂರನೇ ಮಹಡಿ ಎಬ್ಬಿಸಿದ ವರ್ಷ ನನಗೆ ಧ್ರುವ ಕೈತಪ್ಪಿದ. ಮಳೆಗಾಲ ಪೂರ್ತಿ ನಾನು ಕ್ಯಾಮೆರಾವನ್ನು ಬೀರುವಿನೊಳಗಿಟ್ಟು ಮರೆತಿದ್ದೆ. ಅಷ್ಟರಲ್ಲಿ ಅವರು ಸೆಂಟ್ರಿಂಗ್ ಬಿಚ್ಚಿ, ಗಾರೆ ಮುಗಿಸಿ, ಗೃಹಪ್ರವೇಶಕ್ಕೂ ಕರೆದರು. ಹೋಳಿಗೆ ಊಟ ಮಾಡಿ, ಬಾಯಿತುಂಬ ಹೊಗಳಿ ಬಂದೆ. ಅಂದು ರಾತ್ರಿ ತಾರಸಿ ಹತ್ತಿ ಉತ್ತರಕ್ಕೆ ತಿರುಗಿದರೆ ಎದುರಿಗೆ ಅವರ ಬಚ್ಚಲಿನ ಕಿಟಕಿ.

ಬೆಂಗಳೂರಲ್ಲಿ ಧ್ರುವ ಮೊದಲೇ ತಗ್ಗಿನಲ್ಲಿರುವವನು. ಊರಿನ ಅಕ್ಷಾಂಶ 13 ಡಿಗ್ರಿ, ಅವನ ಎತ್ತರವೂ ಅಷ್ಟೇ. ಕೈ ನೀಡಿ ಹಿಡಿದ ಮುಷ್ಟಿಗಿಂತ ತುಸು ಮೇಲೆ. ಪಕ್ಕದವರು ಮುಂದಿನ ಮಹಡಿಗೆಂದು ಬಿಟ್ಟಿದ್ದ ಕಬ್ಬಿಣದ ಸರಳುಗಳ ನಡುವೆ, ಜೈಲಿನ ಕೈದಿಯ ಹಾಗೆ, ಇಷ್ಟು ವರ್ಷ ಮಂಕಾಗಿ ಇಣುಕುತ್ತಿದ್ದ.

ಅವನು ಯಾಕೆ ಬೇಕೆಂದರೆ, ನನಗೆ ನೀಹಾರಿಕೆಗಳ ಫೋಟೋ ತೆಗೆಯುವ ಚಟ. ಭೂಮಿ ತಿರುಗುವುದರಿಂದ ಮೂರು ನಿಮಿಷ ಷಟರ್ ತೆರೆದಿಟ್ಟರೆ ಚುಕ್ಕಿಗಳೆಲ್ಲ ಶ್ಯಾವಿಗೆಯಾಗುತ್ತವೆ. ಅದಕ್ಕೆಂದು ಕ್ಯಾಮೆರಾದ ಅಡಿಯಲ್ಲಿ, ಭೂಮಿಗೆ ಎದುರುದಿಕ್ಕಿನಲ್ಲಿ ನಿಧಾನಕ್ಕೆ ತಿರುಗುವ ಪುಟ್ಟ ಯಂತ್ರ. ಅದರ ಅಕ್ಷ ಧ್ರುವದತ್ತ ನೆಟ್ಟಿರಬೇಕು. ಹಾಗೆ ನೋಡಿದರೆ ಧ್ರುವನೂ ಅಚಲನಲ್ಲ. ನಿಜವಾದ ಧ್ರುವಬಿಂದುವಿನಿಂದ ಚಂದ್ರನ ಅಗಲಕ್ಕಿಂತ ತುಸು ಹೆಚ್ಚೇ ಸರಿದು ಕೂತು, ದಿನಕ್ಕೊಂದು ಪ್ರದಕ್ಷಿಣೆ ಹಾಕುತ್ತಾನೆ. ಈ ಮಾತನ್ನು ಅಮ್ಮನಿಗೆ ಹೇಳಬಾರದಿತ್ತು. ಒಂದು ವಾರ ನನ್ನನ್ನು ನಾಸ್ತಿಕನ ಹಾಗೆ ನೋಡಿದಳು.

ಸಲಕರಣೆ ಅಂತ ದೊಡ್ಡದೇನಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 200 ಮಿ.ಮೀ. ಲೆನ್ಸು. ಕ್ಯಾಮೆರಾ ತಯಾರಿಸುವವರು ಸೆನ್ಸರಿನ ಮುಂದೆ ಒಂದು ಗಾಜು ಕೂರಿಸಿರುತ್ತಾರೆ. ಅದು ಗಾಢ ಕೆಂಪನ್ನು ಬಹುಪಾಲು ತಡೆಯುತ್ತದೆ, ನೀಹಾರಿಕೆಗಳೋ ಆ ಕೆಂಪಿನಲ್ಲೇ ಹೊಳೆಯುವಂಥವು. ಒಂದು ಭಾನುವಾರ ಧೈರ್ಯ ಮಾಡಿ ಆ ಗಾಜು ಕಿತ್ತೆ. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು, ಕ್ಯಾಮೆರಾ ಮಾತ್ರ ನಡೆಯಿತು. ಆಮೇಲೆ ಅದೇ ಕ್ಯಾಮೆರಾವನ್ನು ಷಡ್ಡಕನ ಮಗುವಿನ ನಾಮಕರಣಕ್ಕೆ ಒಯ್ದೆ. ಮಗು, ತೊಟ್ಟಿಲು, ಪುರೋಹಿತರು, ಎಲ್ಲರೂ ಓಕುಳಿಯಾಡಿದವರ ಹಾಗೆ ಕೆಂಪಗೆ ಬಂದರು. ಆ ಮನೆಯವರು ಈಗಲೂ ನನ್ನನ್ನು ಫೋಟೋ ತೆಗಿ ಎನ್ನುವುದಿಲ್ಲ.

ನಗರದ ಬೆಳಕಲ್ಲಿ ಬರಿಗಣ್ಣಿಗೆ ಎಣಿಸಿ ಮೂವತ್ತು ಚುಕ್ಕಿ ಕಂಡರೆ ಪುಣ್ಯ. ಹಳೆಯ ಸೋಡಿಯಂ ದೀಪಗಳು ಹೆಚ್ಚಾಗಿ ಹಳದಿಯ ಆಸುಪಾಸಿನಲ್ಲೇ ಸುರಿಯುತ್ತಿದ್ದವು. ಬಿಳಿ ಎಲ್‌ಇಡಿಗಳು ಬಂದ ಮೇಲೆ ಎಲ್ಲ ಬಣ್ಣವೂ ಧಾರಾಳ. ಇದರ ನಡುವೆ ನನ್ನಂಥವರಿಗೆ ಉಳಿದ ದಾರಿ ಎಂದರೆ ಹೈಡ್ರೋಜನ್-ಆಲ್ಫಾ ಫಿಲ್ಟರು. ಕಣ್ಣಿಗೆ ಕಾಣುವ ಬೆಳಕಿನ ಅಗಲ ಸುಮಾರು 300 ನ್ಯಾನೋಮೀಟರ್ ಅಂದುಕೊಂಡರೆ, ನನ್ನ ಫಿಲ್ಟರು 656ರ ಆಸುಪಾಸಿನ ಬರೀ 7ನ್ನು ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ. ಮದುವೆಗೆ ಬಂದ 300 ಜನರಲ್ಲಿ ಏಳು ಜನಕ್ಕೆ ಮಾತ್ರ ಎಲೆ ಹಾಕಿದ ಹಾಗೆ. ಸೆನ್ಸರಿನಲ್ಲೂ ನಾಲ್ಕು ಬಿಂದುಗಳಿಗೆ ಒಂದಷ್ಟೇ ಕೆಂಪು; ಉಳಿದ ಮೂರು ಸುಮ್ಮನೆ ಹಾಜರಿ ಹಾಕುತ್ತವೆ. ಹಾಗಾಗಿ ಮೂರು ಮೂರು ನಿಮಿಷದ ಚಿತ್ರಗಳನ್ನು ರಾತ್ರಿಗಟ್ಟಲೆ ಕೂಡಿಹಾಕಿ, ಒಂದರ ಮೇಲೊಂದು ಪೇರಿಸಬೇಕು. ಲೆನ್ಸಿನ ಧೂಳು, ಅಂಚಿನ ಮಬ್ಬು ಕಳೆಯಲು ಅಪ್ಪನ ಹಳೆಯ ಬಿಳಿ ಪಂಚೆಯನ್ನು ಲೆನ್ಸಿಗೆ ಬಿಗಿದು, ಬೆಳಗಿನ ಆಕಾಶದ ಕಡೆ ಹಿಡಿದು ಇನ್ನಷ್ಟು ಚಿತ್ರ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಒಗೆದು ಒಗೆದು ನವುರಾದ ಅಂಥ ನೇಯ್ಗೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ.

ನಾಲ್ಕು ರಾತ್ರಿ ಕೂತು ರೋಸೆಟ್ ನೀಹಾರಿಕೆಯನ್ನು ಹಿಡಿದೆ. ಸುಮಾರು 5,000 ಜ್ಯೋತಿರ್ವರ್ಷ ಆಚೆಯ ಅನಿಲದ ಬಳೆ. ಅಮ್ಮನಿಗೆ ತೋರಿಸಿದೆ.

"ನಡುವೆ ತೂತು. ಉದ್ದಿನ ವಡೆ ಕಣೋ," ಎಂದಳು. "ಸೀದಿದೆ."

ಆ ತೂತಿನಲ್ಲೇ ಎಳೆಯ, ಉರಿ ನಕ್ಷತ್ರಗಳ ಗುಂಪಿದೆ. ಅವುಗಳ ಅತಿನೇರಳೆ ಕಿರಣ ಹೈಡ್ರೋಜನ್ನಿನ ಎಲೆಕ್ಟ್ರಾನನ್ನು ಮನೆಯಿಂದಾಚೆ ಅಟ್ಟುತ್ತದೆ. ಅದು ಮತ್ತೆಲ್ಲೋ ಮನೆ ಹಿಡಿದು, ಮೂರನೇ ಮಹಡಿಯಿಂದ ಎರಡನೆಯದಕ್ಕೆ ಇಳಿಯುವಾಗ ಬರುವುದೇ ಈ ಕೆಂಪು. ವಿಶ್ವದಲ್ಲಿ ಮೂರನೇ ಮಹಡಿಯಿಂದ ಇಷ್ಟು ಉಪಕಾರವಾಗುತ್ತದೆ, ನಮ್ಮ ಬೀದಿಯಲ್ಲಿ ಮಾತ್ರ ಇಲ್ಲ.

ಆಮ್ಲಜನಕದ್ದು ಇನ್ನೂ ಸೊಗಸಾದ ಕಥೆ. 1864ರಲ್ಲಿ ವಿಲಿಯಂ ಹಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಸೀಳಿ ನೋಡಿದಾಗ ಯಾರಿಗೂ ಪರಿಚಯವಿಲ್ಲದ ಹಸಿರು ಗೆರೆಗಳು ಕಂಡವು. ಹೊಸ ಧಾತುವೇ ಇರಬೇಕೆಂದು ಅದಕ್ಕೆ 'ನೆಬ್ಯೂಲಿಯಂ' ಎಂಬ ಹೆಸರೂ ಬಿತ್ತು. 1927ರಲ್ಲಿ ಐರಾ ಬೋವೆನ್ ಬಿಡಿಸಿ ಹೇಳಿದ: ಹೊಸದೇನಲ್ಲ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ನಮ್ಮ ಆಮ್ಲಜನಕವೇ. ಅಲ್ಲಿ ಅನಿಲ ಎಷ್ಟು ವಿರಳವೆಂದರೆ ಒಂದು ಪರಮಾಣುವಿಗೆ ಇನ್ನೊಂದು ಡಿಕ್ಕಿ ಹೊಡೆಯುವ ಮೊದಲು ನಿರಾಳವಾಗಿ ಕೂತು ಹೊಳೆಯಲು ಪುರುಸೊತ್ತು ಸಿಗುತ್ತದೆ. ಮೆಜೆಸ್ಟಿಕ್ಕಿನ ನೂಕುನುಗ್ಗಲಲ್ಲಿ ಬೆಳೆದವನಿಗೆ ಇದನ್ನು ಓದಿ ಹೊಟ್ಟೆಕಿಚ್ಚಾಯಿತು.

ಆಮ್ಲಜನಕದ ಫಿಲ್ಟರು ಕಳೆದ ವರ್ಷ ಕೊಂಡೆ. ಗಂಧಕದ್ದು ಬಾಕಿ. ಗಂಧಕಕ್ಕೆ ಕೆಂಪು, ಹೈಡ್ರೋಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂದು ಬಣ್ಣ ಹಂಚಿದರೆ ಹಬಲ್ 1995ರಲ್ಲಿ ತೆಗೆದ ಸೃಷ್ಟಿ ಸ್ತಂಭಗಳ ಚಿತ್ರದ ಮಾದರಿ. ನಮ್ಮ ಕಡೆ ಮನೆ ಕಟ್ಟುವ ಹಾಗೆಯೇ: ಒಂದು ವರ್ಷ ಹೈಡ್ರೋಜನ್ ಮಹಡಿ, ಇನ್ನೊಂದು ವರ್ಷ ಆಮ್ಲಜನಕದ್ದು, ಗಂಧಕಕ್ಕೆ ಸದ್ಯ ಸರಳು ಬಿಟ್ಟಿದ್ದೇನೆ.

ಧ್ರುವ ಹೋದ ಸುದ್ದಿ ಕೇಳಿ ಅಮ್ಮ ನೇರ ಪರಿಹಾರ ಹೇಳಿದಳು. "ನಮ್ಮ ತಾರಸಿ ಮೇಲೂ ಸರಳಿದೆಯಲ್ಲೋ. ನಾವೂ ಒಂದು ಮಹಡಿ ಎಬ್ಬಿಸಿದರೆ ನಿನ್ನ ಧ್ರುವ ಕಾಣಲ್ವೇನು?"

"ಬಾಡಿಗೆಗೂ ಕೊಡಬಹುದು ಕಣ್ರೀ," ಎಂದಳು ಹೆಂಡತಿ.

ಲೆಕ್ಕ ಹಾಕಿದೆ. ಹತ್ತಡಿ ಏರಿದರೆ ಖಂಡಿತ ಕಾಣುತ್ತಾನೆ. ಒಂದು ನಕ್ಷತ್ರ ನೋಡಲು ಮನೆಯನ್ನೇ ಎತ್ತರಿಸಿದ ವಂಶ ಎಂಬ ಹೆಸರಾದರೂ ಬರಲಿ ಎಂದು ಆ ರಾತ್ರಿ ಟೇಪು ಹಿಡಿದು ತಾರಸಿ ಅಳೆಯುತ್ತಿದ್ದೆ.

"ಅಂಕಲ್!" ದಕ್ಷಿಣದ ಮನೆಯ ತಾರಸಿಯಿಂದ ಹುಡುಗನೊಬ್ಬ ಕೂಗಿದ. ಅವನ ಮುಂದೆ ಆಟಿಕೆಗಿಂತ ಸ್ವಲ್ಪ ವಾಸಿಯಾದ ದೂರದರ್ಶಕ. "ಅದು ಧ್ರುವನಾ ಅಂಕಲ್? ನಿಮ್ಮ ಕಂಬಿಗಳ ಮಧ್ಯೆ ಕಾಣ್ತಿರೋದು?"

ನಾನು ತಿರುಗಿ ನೋಡಿದೆ. ನನಗೆ ಕಂಡದ್ದು ಬಚ್ಚಲಿನ ಕಿಟಕಿ. ಅವನು ದೂರದಲ್ಲಿದ್ದ, ಅಲ್ಲಿಂದ ಆ ಮೂರನೇ ಮಹಡಿ ಗಿಡ್ಡ.

"ಹೌದು, ಅವನೇ," ಎಂದೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ, ನಮ್ಮ ಸರಳು ತುಕ್ಕು ತಿಂದಿವೆ, ಇನ್ನೊಂದು ಮಹಡಿ ತಾಳುವುದಿಲ್ಲವಂತೆ ಎಂದು ಹೇಳಿದೆ.