ಓಡ್ತಿದೆ ಅಂದ್ರೆ ಸರಿ ಇದೆ ಅಂತಲ್ಲ

ಓವರ್‌ಕ್ಲಾಕಿಂಗ್ ಅಂದ ತಕ್ಷಣ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಗಿಗಾಹರ್ಟ್ಸ್ ಬಂತು?" ಎಷ್ಟು ಹೊತ್ತು ತಪ್ಪಿಲ್ಲದೆ ಓಡ್ತು ಅಂತ ಯಾರೂ ಕೇಳಲ್ಲ. ರಾಯಚೂರಿನ ಬಿಸಿಲಲ್ಲಿ ನಾವು ನಾಲ್ಕು ಜನ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದು ಈ ಎರಡನೇ ಪ್ರಶ್ನೆಗೇ.

ನಮ್ಮ ಹತ್ರ ಇದ್ದದ್ದು ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ಪ್ರೊಸೆಸರ್. ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಸೆಕೆಂಡ್ ಹ್ಯಾಂಡ್ ತಂದ್ವಿ. ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಒಂದು ಲೋಹದ ತಗಡಿನಲ್ಲಿ ಶಾಖ ಹೇಗೆ ಹರಡುತ್ತೆ ಅನ್ನೋ ಸಿಮ್ಯುಲೇಷನ್ ಇತ್ತು. ಒಂದು ರನ್‌ಗೆ ಹತ್ತು ಗಂಟೆ! ಹೊಸ ಮಷಿನ್‌ಗೆ ದುಡ್ಡಿಲ್ಲ. ಇರೋದನ್ನೇ ಜೋರಾಗಿ ಓಡಿಸಬೇಕು.

ಲೆಕ್ಕ ಸುಲಭ. ಬಸ್ ವೇಗ 266 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 9, ಗುಣಿಸಿದ್ರೆ 2.4 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ 9ರ ಮೇಲೆ ಹೋಗಲ್ಲ, ಹಾಗಾಗಿ ಬಸ್ ಅನ್ನೇ 333ಕ್ಕೆ ಏರಿಸಿದ್ರೆ 3.0. ಬಸ್ ಏರಿದ್ರೆ ರ‍್ಯಾಮ್ ಕೂಡ ಜೊತೆಗೆ ಏರುತ್ತೆ. ಅದಕ್ಕೇ ಅನುಪಾತವನ್ನು 1:1 ಮಾಡಿ, 800ರ ಡಿಡಿಆರ್2 ರ‍್ಯಾಮನ್ನು 667ರಲ್ಲೇ ಇಟ್ವಿ. ತಪ್ಪು ಬಂದಾಗ ಒಬ್ಬರ ಮೇಲೆ ಮಾತ್ರ ಅನುಮಾನ ಬರಬೇಕು, ಇಬ್ಬರ ಮೇಲಲ್ಲ.

ವೋಲ್ಟೇಜ್ ವಿಷಯ ಅಷ್ಟು ಸರಳ ಅಲ್ಲ. ಪವರ್ ಅನ್ನೋದು ವೇಗದ ಜೊತೆ ನೇರವಾಗಿ, ವೋಲ್ಟೇಜ್‌ನ ವರ್ಗದ ಜೊತೆ ಏರುತ್ತೆ. ನಮ್ಮ ಚಿಪ್‌ನ ಮಾಮೂಲಿ ವೋಲ್ಟೇಜ್ 1.25. ಅದನ್ನು 1.30 ಮಾಡಿ 3.0ರಲ್ಲಿ ಓಡಿಸಿದ್ರೆ ಸುಮಾರು 35% ಹೆಚ್ಚು ಪವರ್. 1.35 ಮಾಡಿ 3.2ಕ್ಕೆ ಹೋದ್ರೆ ಸುಮಾರು 55%. ಅಷ್ಟೂ ಶಾಖವಾಗಿ ನಮ್ಮ ರೂಮಿಗೇ ಬರಬೇಕು.

ಇನ್ನೊಂದು ವಿಚಿತ್ರ ನೋಡಿದ್ವಿ. ಬಯಾಸ್‌ನಲ್ಲಿ 1.30 ಕೊಟ್ರೆ, ಸುಮ್ಮನಿದ್ದಾಗ 1.28 ತೋರಿಸ್ತು. ನಾಲ್ಕೂ ಕೋರ್‌ಗೆ ಕೆಲಸ ಕೊಟ್ಟ ಕೂಡಲೇ 1.24. ಮದರ್‌ಬೋರ್ಡ್ ಕೆಟ್ಟಿದೆ ಅಂತ ಅಂದ್ಕೋಬೇಡಿ. ಇದು ಬೇಕಂತಲೇ ಮಾಡಿರೋ ವಿನ್ಯಾಸ, ವಿಡ್ರೂಪ್ ಅಂತಾರೆ. ಭಾರ ಇದ್ದಕ್ಕಿದ್ದಂತೆ ಇಳಿದಾಗ ವೋಲ್ಟೇಜ್ ಒಂದು ಕ್ಷಣ ಮೇಲೆ ಜಿಗಿಯುತ್ತೆ. ಮೊದಲೇ ಸ್ವಲ್ಪ ಕೆಳಗಿದ್ರೆ ಆ ಜಿಗಿತ ಮಿತಿ ದಾಟಲ್ಲ. ಅಂದ್ರೆ ಬಯಾಸ್‌ನಲ್ಲಿ ಬರೆದ ಅಂಕಿಗಿಂತ ಭಾರ ಇದ್ದಾಗ ಕಾಣುವ ಅಂಕಿಯೇ ಮುಖ್ಯ.

ಪರೀಕ್ಷೆಗೆ ಪ್ರೈಮ್95 ಹಾಕಿದ್ವಿ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟದ ಸಾಫ್ಟ್‌ವೇರ್ ಇದು. ದೊಡ್ಡ ದೊಡ್ಡ ಸಂಖ್ಯೆಗಳನ್ನು ಎಫ್‌ಎಫ್‌ಟಿ ಬಳಸಿ ಗುಣಿಸುತ್ತೆ. ಉತ್ತರ ಪೂರ್ಣಾಂಕದ ತೀರಾ ಹತ್ತಿರ ಬರಲೇಬೇಕು. ವ್ಯತ್ಯಾಸ 0.4 ದಾಟಿದ್ರೆ ಅಲ್ಲಿಗೇ ನಿಲ್ಲಿಸಿಬಿಡುತ್ತೆ. 0.5 ಬಂದ್ರೆ ಮೇಲಿನ ಅಂಕಿಯೋ ಕೆಳಗಿನ ಅಂಕಿಯೋ ಅಂತಾನೇ ಗೊತ್ತಾಗಲ್ಲವಲ್ಲ!

3.0ರಲ್ಲಿ 24 ಗಂಟೆ ಓಡ್ತು. ಅದಕ್ಕೂ ನಾಲ್ಕು ಸಲ ಪ್ರಯತ್ನ ಬೇಕಾಯ್ತು. ಕರೆಂಟ್ ಹುಟ್ಟೋದು ಪಕ್ಕದ ಶಕ್ತಿನಗರದಲ್ಲೇ, ಆದ್ರೂ ಮೂರು ಸಲ ಮಧ್ಯದಲ್ಲೇ ಹೋಯ್ತು. ಆಮೇಲೆ ಅದೇ 1.30ರಲ್ಲಿ 3.2. ಹಾಡು ಓಡ್ತು, ಗೇಮ್ ಓಡ್ತು, ಸಿಮ್ಯುಲೇಷನ್ ಕೂಡ ಮುಗೀತು. ಐದು ಗಂಟೆಗೆ ಪ್ರೈಮ್95ನಲ್ಲಿ ಮೂರನೇ ಕೋರ್ ಮಾತ್ರ ನಿಂತಿತು. ಉಳಿದ ಮೂರು ಆರಾಮಾಗಿ ಓಡ್ತಾನೇ ಇದ್ವು.

ಇಲ್ಲಿ ನಮ್ಮೊಳಗೇ ಜಗಳ. "ಕ್ರ್ಯಾಶ್ ಆಗಿಲ್ಲ ತಾನೇ? ಐದು ಗಂಟೆಗೆ ಒಂದು ತಪ್ಪು, ಯಾರಿಗೆ ಗೊತ್ತಾಗುತ್ತೆ?" ಅಂದ ಒಬ್ಬ. ಅವನ ಮಾತು ನಿಜ, ಯಾರಿಗೂ ಗೊತ್ತಾಗಲ್ಲ. ಭಯ ಇರೋದೂ ಅಲ್ಲೇ. ಸ್ಕ್ರೀನ್ ನೀಲಿ ಆದ್ರೆ ಮಷಿನ್ ತನ್ನ ತಪ್ಪನ್ನು ತಾನೇ ಹೇಳಿದ ಹಾಗೆ. ಸುಮ್ಮನೆ ಒಂದು ಅಂಕಿ ತಿರುಗಿಬಿಟ್ರೆ ಗ್ರಾಫ್ ಅಂದವಾಗೇ ಬರುತ್ತೆ, ರಿಪೋರ್ಟ್ ಬೈಂಡ್ ಆಗುತ್ತೆ, ಕೆಳಗೆ ನಮ್ಮ ನಾಲ್ಕು ಜನರ ಸಹಿ ಇರುತ್ತೆ.

1.35 ಕೊಟ್ರೆ ರಾತ್ರಿ 3.2 ಪಾಸಾಯ್ತು. ಆದ್ರೆ ರೂಮಿನ ಬಿಸಿ ರಾತ್ರಿಗಿಂತ 12 ಡಿಗ್ರಿ ಏರಿದ್ರೆ ಚಿಪ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತೆ. ಡಿಸೆಂಬರ್ ರಾತ್ರಿಯ ಪರೀಕ್ಷೆ ಏಪ್ರಿಲ್ ಮಧ್ಯಾಹ್ನಕ್ಕೆ ಜಾಮೀನು ಕೊಡಲ್ಲ.

ಕೊನೆಗೆ ಜಗಳ ಬಗೆಹರಿಸಿದ್ದು ಒಂದು ಭಾಗಾಕಾರ. ಹತ್ತು ಗಂಟೆಯ ಕೆಲಸ 3.0ರಲ್ಲಿ ಎಂಟು ಗಂಟೆ, 3.2ರಲ್ಲಿ ಏಳೂವರೆ. ಅರ್ಧ ಗಂಟೆಗೋಸ್ಕರ ಇಡೀ ಪ್ರಾಜೆಕ್ಟ್ ಮೇಲೆ ಅನುಮಾನ ಇಟ್ಕೊಳ್ಳೋದಾ? 3.2ರಲ್ಲಿ ಬಂದ ಫಲಿತಾಂಶವನ್ನು ಅಳಿಸಿ, 3.0ಕ್ಕೆ ಇಳಿಸಿದ್ವಿ. ಮುಖ್ಯವಾದ ರನ್‌ಗಳನ್ನು ಮಾಮೂಲಿ 2.4ರಲ್ಲೂ ಒಮ್ಮೆ ಓಡಿಸಿ ಹೋಲಿಸಿ ನೋಡಿದ್ವಿ. ಕೊನೆಯ ದಶಾಂಶದವರೆಗೂ ಒಂದೇ ಬಂತು.

ನೀವೂ ಮಾಡ್ತೀರಾದ್ರೆ ಮಾಡಿ, ಖಂಡಿತ ಮಜಾ ಇದೆ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಪ್ರತಿಯೊಂದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಪರೀಕ್ಷೆಯನ್ನು ಮಾತ್ರ ಬೇಸಿಗೆಯ ಮಧ್ಯಾಹ್ನವೇ ಮಾಡಿ.