ಐಹೊಳೆಗೆ ಐದು ಕಿಲೋಮೀಟರು

ಐಹೊಳೆಗೆ ಹೋಗುವವರು ಸಾಮಾನ್ಯವಾಗಿ ಬಸ್ಸು ಹತ್ತುತ್ತಾರೆ. ಅನುಕೂಲವಿದ್ದವರು ಕಾರು ಗೊತ್ತುಮಾಡಿಕೊಳ್ಳುತ್ತಾರೆ. ಬಾದಾಮಿಯಿಂದ ಓಡುತ್ತಲೇ ಐಹೊಳೆಯನ್ನು ಸೇರುವೆನೆಂದು ಹೊರಟ ಯಾತ್ರಿಕನನ್ನು ಮಾತ್ರ ನಾನು ಇದುವರೆಗೆ ಕಂಡದ್ದು ಒಬ್ಬನನ್ನೇ. ಅವನು ನನ್ನ ಸೋದರಳಿಯ. ನಾನಾದರೋ, ಕಣ್ಣೆದುರಿಗೆ ಬಸ್ಸು ಹೊರಟುಹೋಗುತ್ತಿದ್ದರೂ ಓಡದೆ ಮುಂದಿನ ಬಸ್ಸಿಗೆ ಕಾಯುವ ಸ್ವಭಾವದವನು. ಅಂಥ ನಾನು ಈ ಸಾಹಸಕ್ಕೆ ಸಾಕ್ಷಿಯಾಗಬೇಕಾಗಿ ಬಂದದ್ದು ಅಕ್ಕನ ಅಪ್ಪಣೆಯಿಂದ. “ನೀನು ಜೊತೆಗೆ ಹೋಗುವುದಾದರೆ ಮಾತ್ರ ಅವನನ್ನು ಕಳುಹಿಸುತ್ತೇನೆ. ಹೋದ ಹಾಗೆಯೇ ತಿರುಗಿ ಕರೆದುಕೊಂಡು ಬಾ” ಎಂದು ಆಕೆ ಹೇಳಿದ್ದಳು.

ಹುಡುಗನಿಗೆ ಇಪ್ಪತ್ತಾರು ವರ್ಷ, ಬೆಂಗಳೂರಿನಲ್ಲಿ ಉದ್ಯೋಗ. ಎರಡು ಬಾರಿ ಮ್ಯಾರಥಾನ್ ಓಟಕ್ಕೆ ನಿಂತು, ಎರಡು ಬಾರಿಯೂ ಮೂವತ್ತನೆಯ ಕಿಲೋಮೀಟರಿನ ಸುಮಾರಿಗೆ ಕಾಲಿನ ಸ್ನಾಯುಗಳು ಸೆಟೆದುಕೊಂಡು, ಓಟವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ. ಅದನ್ನವನು ದೊಡ್ಡ ಅವಮಾನವೆಂದು ಭಾವಿಸಿದ್ದ. ಗೆಳೆಯರು ನಕ್ಕಿದ್ದರೋ ಇಲ್ಲವೋ, ಅವರು ನಕ್ಕರೆಂಬುದು ಅವನ ನಂಬಿಕೆ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರು. ಅಲ್ಲಿಂದ ಐಹೊಳೆಗೆ ಮತ್ತೆ 13. ಒಟ್ಟು 35 ಕಿಲೋಮೀಟರುಗಳ ಈ ದಾರಿಯನ್ನು ಓಡಿ ಮುಗಿಸಿದರೆ ತನ್ನ ಕಾಲುಗಳ ಮೇಲಿನ ವಿಶ್ವಾಸ ಮರಳುವುದೆಂದು ಅವನು ಲೆಕ್ಕಹಾಕಿದ್ದ.

ಅವನ ಆದರ್ಶಪುರುಷನೂ ಇತ್ತಕಡೆಯವನೇ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಾರೆ? 1920ರಲ್ಲಿ ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಿಗೆ ದೊರಾಬ್ಜಿ ತಾತಾ ಅವರ ಪ್ರಯತ್ನದಿಂದ ಭಾರತದ ಪುಟ್ಟ ತಂಡವೊಂದು ಹೋಯಿತು. ಅದರಲ್ಲಿದ್ದ ಚೌಗುಲೆಯವರು 42 ಕಿಲೋಮೀಟರುಗಳಿಗೂ ಮಿಕ್ಕ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್ ಅವರಿಗೂ ಇವರಿಗೂ ಇದ್ದ ಅಂತರ ಹದಿನೆಂಟು ನಿಮಿಷ. “ನೂರು ವರ್ಷದ ಹಿಂದೆ ಬೆಳಗಾವಿಯವರಿಂದ ಆದದ್ದು ನನ್ನಿಂದ ಏಕೆ ಆಗದು, ಮಾವ?” ಎಂದು ರೈಲಿನಲ್ಲಿ ಅಳಿಯ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಯುಗಾದಿ ಕಳೆದ ಮುಂದಿನ ಭಾನುವಾರ. ಐದು ಗಂಟೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಆದರೆ ನಾವು ಗೊತ್ತುಮಾಡಿದ್ದ ಕಾರು ಬಂದದ್ದು ಆರೂಮುಕ್ಕಾಲಿಗೆ. ಉತ್ತರ ಕರ್ನಾಟಕದ ಬೇಸಗೆಯಲ್ಲಿ ಕಳೆದುಹೋದ ಆ ಒಂದೂಮುಕ್ಕಾಲು ಗಂಟೆಗೆ ಏನು ಬೆಲೆಯೆಂಬುದು ನಮಗಾಗ ತಿಳಿಯದು. ಅಗಸ್ತ್ಯತೀರ್ಥದ ಹಿಂದಿನ ಕೆಂಪು ಬಂಡೆಗಳ ಮೇಲೆ ಆಗಲೇ ಬಿಸಿಲು ಬಿದ್ದಿತ್ತು. ಅಳಿಯ ಬಂಡೆಗಳಿಗೊಂದು ನಮಸ್ಕಾರ ಹಾಕಿ ಓಡತೊಡಗಿದ. ನಾನು ನೀರಿನ ಸೀಸೆಗಳೊಡನೆ ಕಾರಿನಲ್ಲಿ ಹಿಂಬಾಲಿಸಿದೆ.

ಮೊದಲ ಎರಡು ಗಂಟೆಗಳು ಸುಖವಾಗಿಯೇ ಕಳೆದುವು. ಕೊಯ್ಲು ಮುಗಿದು ಬರಿದಾದ ಜೋಳದ ಹೊಲಗಳು, ಹೂಬಿಟ್ಟ ಬೇವಿನ ಮರಗಳು, ಕುರಿಮಂದೆಯನ್ನು ಅಡ್ಡ ಹಾಯಿಸುತ್ತ “ಎಲ್ಲಿಗಿ ಓಡಾಕ್ಹತ್ತೀಯೋ ತಮ್ಮಾ?” ಎಂದು ಕೇಳುವ ಕುರುಬರು! ಮಲಪ್ರಭೆ ಉತ್ತರಕ್ಕೆ ಹರಿಯುವ ಪುಣ್ಯಸ್ಥಳವೆಂದು ಚಾಲುಕ್ಯರು ಪಟ್ಟಾಭಿಷೇಕಕ್ಕೆ ಆರಿಸಿಕೊಂಡ ಪಟ್ಟದಕಲ್ಲನ್ನು ಅವನು ಒಂಬತ್ತು ಗಂಟೆಯ ಹೊತ್ತಿಗೆ ದಾಟಿದ. ವಿರೂಪಾಕ್ಷ ದೇವಾಲಯದ ಶಿಖರದತ್ತ ಕಣ್ಣೆತ್ತಿಯೂ ನೋಡಲಿಲ್ಲ. ಅವನ ನೀಲಿ ಅಂಗಿಯ ಬೆನ್ನಿನ ಮೇಲೆ ಬಿಳಿಯ ಗೆರೆಗಳು ಮೂಡಿದ್ದುವು. ಧೂಳೆಂದುಕೊಂಡೆ. ಅದು ಬೆವರು ಒಣಗಿ ಉಳಿದ ಉಪ್ಪು.

ಮೂವತ್ತನೆಯ ಕಿಲೋಮೀಟರು ಸಮೀಪಿಸಿತು. ಗಂಟೆ ಹತ್ತಾಗಿತ್ತು. ಇದ್ದಕ್ಕಿದ್ದಂತೆ ಅವನು “ಅಯ್ಯೋ!” ಎಂದು ಕೂಗಿ, ಬಲಗಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡು ರಸ್ತೆಯ ಬದಿಗೆ ಉರುಳಿದ. ನಾನು ಇಳಿದು ಹೋಗಿ ನೋಡುತ್ತೇನೆ, ಮೀನಖಂಡದಲ್ಲಿ ಮಾಂಸವು ಕಲ್ಲಿನ ಗುಂಡಿನಂತೆ ಗಟ್ಟಿಯಾಗಿ ನಿಂತಿದೆ. ಚರ್ಮದ ಕೆಳಗೆ ಏನೋ ಹುಳು ಹರಿದಂತೆ ಸ್ನಾಯುಗಳು ಅದುರುತ್ತಿವೆ. “ಬೆರಳು, ಮಾವ, ಬೆರಳು ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ!” ಎಂದು ಅವನು ಹಲ್ಲುಕಚ್ಚಿ ಹೇಳಿದ. ಕಾಲನ್ನು ನೇರವಾಗಿರಿಸಿ, ಪಾದದ ಮುಂಭಾಗವನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ ಹಿಡಿದೆ. ಅರ್ಧ ನಿಮಿಷದಲ್ಲಿ ಗಂಟು ಸಡಿಲವಾಯಿತು. ಅಷ್ಟರಲ್ಲಿ ಎಡದ ತೊಡೆ ಹಿಡಿದುಕೊಂಡಿತು.

ಹೊಲದಂಚಿನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ ಅಜ್ಜಿಯೊಬ್ಬಳು ಎದ್ದು ಬಂದಳು. “ನೆರಳಿಗೆ ಕರಕೊಂಡು ಬರ್ರಿ ಅವನ್ನ. ಬಿಸಲಾಗ ಯಾಕ ಕುಂದ್ರಿಸೀರಿ?” ಎಂದು ನನ್ನನ್ನು ಗದರಿಸಿ, ಗಡಿಗೆಯೊಳಗಿನ ಮಜ್ಜಿಗೆಗೆ ಒಂದು ಚಿಟಿಕೆ ಉಪ್ಪು ಹಾಕಿ, ಚೊಂಬಿನಲ್ಲಿ ಅವನ ಕೈಗಿತ್ತಳು. “ಗಟಗಟ ಕುಡೀಬ್ಯಾಡ. ಸಾವಕಾಶ ಕುಡಿ.” ಮಜ್ಜಿಗೆಯೊಡನೆ ನೆಂಚಿಕೊಳ್ಳಲು ಉಪ್ಪಿನಕಾಯಿಯ ಹೋಳೂ ಬಂತು.

ಅಜ್ಜಿಯ ಈ ಚಿಕಿತ್ಸೆಯ ಮುಂದೆ ವಿಜ್ಞಾನವೇನು ಹೇಳುತ್ತದೆಂಬುದನ್ನು ಮನೆಗೆ ಬಂದ ಮೇಲೆ ಓದಿ ತಿಳಿದೆ. ಬಿಸಿಯಲ್ಲಿ ದುಡಿಯುವವರ ಸ್ನಾಯುಸೆಳೆತವು ಮೊದಲು ವೈದ್ಯರ ಗಮನಕ್ಕೆ ಬಂದದ್ದು ಓಟಗಾರರಿಂದಲ್ಲ, ಕೂಲಿಗಾರರಿಂದ. 1920ರ ದಶಕದಲ್ಲಿ ಇಂಗ್ಲೆಂಡಿನ ಆಳವಾದ ಕಲ್ಲಿದ್ದಲ ಗಣಿಗಳಲ್ಲಿ ಬೆವರು ಸುರಿಸಿ, ಬರಿಯ ನೀರನ್ನು ಧಾರಾಳವಾಗಿ ಕುಡಿಯುತ್ತಿದ್ದವರಿಗೆ ಈ ಸೆಳೆತ ಬರುತ್ತಿತ್ತು. ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಅದು ತಗ್ಗಿತು. 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟನ್ನು ಕಟ್ಟುತ್ತಿದ್ದವರಲ್ಲಿಯೂ ಇದೇ ಬಗೆಯ ನೋವನ್ನು ಕಂಡು ಪರೀಕ್ಷಿಸಿದರು. ಆದರೆ ಉಪ್ಪಿನ ಕೊರತೆಯೊಂದೇ ಕಾರಣವೆಂದರೆ, ತಂಪು ಹವೆಯಲ್ಲಿ ಓಡುವವರಿಗೂ ಕಾಲು ಹಿಡಿಯುವುದೇಕೆ? ಬೆವರು ಇಡೀ ಮೈಯಿಂದ ಹೋಗುವಾಗ, ಹೆಚ್ಚು ದಣಿದ ಸ್ನಾಯುವೇ ಏಕೆ ಸೆಟೆದುಕೊಳ್ಳಬೇಕು? ಆದಕಾರಣ, ದಣಿದ ಸ್ನಾಯುವಿಗೂ ಅದನ್ನು ಆಳುವ ನರಕ್ಕೂ ನಡುವಣ ಹೊಂದಾಣಿಕೆ ತಪ್ಪುವುದೇ ಮುಖ್ಯವಾದ ಕಾರಣವೆಂದು ಈಚಿನ ಹಲವು ವಿದ್ವಾಂಸರು ವಾದಿಸುತ್ತಾರೆ. “ಬಿಗಿ” ಎಂಬ ಆಜ್ಞೆ ಹೆಚ್ಚುತ್ತದೆ. “ಸಾಕು, ಸಡಿಲಿಸು” ಎಂಬ ಆಜ್ಞೆ ಕ್ಷೀಣಿಸುತ್ತದೆ. ಸ್ನಾಯುವನ್ನು ಹಿಡಿದು ನೀಳವಾಗಿ ಎಳೆದಾಗ ಈ ಎರಡನೆಯ ಆಜ್ಞೆ ಮತ್ತೆ ಬಲಗೊಳ್ಳುತ್ತದೆ. ತಕ್ಷಣದ ಉಪಶಮನಕ್ಕೆ ಅದಕ್ಕಿಂತ ಮಿಗಿಲಾದ ಉಪಾಯವಿಲ್ಲ.

ಇನ್ನು ಉಪ್ಪಿನಕಾಯಿಯ ಮಾತು! 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಸೌತೆಯ ಉಪ್ಪಿನಕಾಯಿಯ ಹುಳಿರಸವನ್ನು ಕುಡಿದವರ ಸೆಳೆತವು ಸುಮಾರು ಒಂದೂವರೆ ನಿಮಿಷದೊಳಗೆ ಇಳಿಯಿತು. ಅಷ್ಟು ಬೇಗನೆ ಉಪ್ಪು ರಕ್ತವನ್ನು ಸೇರಲಾರದು. ನಾಲಗೆಗೂ ಗಂಟಲಿಗೂ ತಾಗಿದ ತೀಕ್ಷ್ಣವಾದ ರುಚಿಯೇ ನರಗಳಿಗೆ ಸುದ್ದಿ ಮುಟ್ಟಿಸಿ ಅವುಗಳ ಹಟವನ್ನು ಬಿಡಿಸಿರಬೇಕೆಂದು ಸಂಶೋಧಕರ ಊಹೆ. ಆದರೆ ಅಮೆರಿಕದವರ ರಸವೇ ಬೇರೆ, ನಮ್ಮ ಅಜ್ಜಿಯ ಮಾವಿನ ಹೋಳೇ ಬೇರೆ. ಅಳಿಯನಿಗೆ ಗುಣವಾದದ್ದು ಉಪ್ಪಿನಕಾಯಿಯಿಂದಲೋ, ಮಜ್ಜಿಗೆಯಿಂದಲೋ, ನೆರಳಿನಿಂದಲೋ ನಾನು ಹೇಳಲಾರೆ.

ಹದಿನೈದು ನಿಮಿಷದಲ್ಲಿ ಅವನು ಎದ್ದು ನಿಂತ. “ಇನ್ನು ಐದೇ ಕಿಲೋಮೀಟರು. ನಡೆಯಿರಿ ಮಾವ.”

ಎದೆ ಧಸಕ್ಕೆಂದಿತು. ಮುಖ ಕೆಂಪಾಗಿ ಕಾದಿತ್ತು. ಬಿಸಿಲಿನ ಪೆಟ್ಟಿನಲ್ಲಿ ಮೊದಲು ಕೆಡುವುದು ಬುದ್ಧಿಯೆಂದು ಎಲ್ಲಿಯೋ ಓದಿದ ನೆನಪು. “ಇವತ್ತು ಯಾವ ವಾರ ಹೇಳು” ಎಂದೆ.

“ಭಾನುವಾರ. ತಲೆ ನೆಟ್ಟಗೇ ಇದೆ, ಮಾವ. ನೆಟ್ಟಗಿಲ್ಲದ್ದು ಕಾಲು ಮಾತ್ರ” ಎಂದು ಅವನು ಸಿಡುಕಿದ. ಸಮಾಧಾನವಾಯಿತು. ತೊದಲು ಮಾತು, ತೂರಾಡುವ ನಡಿಗೆ, ಕಕ್ಕಾಬಿಕ್ಕಿಯಾದ ಉತ್ತರ ಕಂಡುಬಂದಿದ್ದರೆ ಅದು ಸೆಳೆತವಲ್ಲ. ಮೈಯೊಳಗಿನ ಶಾಖವು 40 ಡಿಗ್ರಿ ಸೆಲ್ಸಿಯಸನ್ನು ಮೀರುವ ಪ್ರಾಣಾಂತಿಕ ಸ್ಥಿತಿ. ಆಗ 108ಕ್ಕೆ ಕರೆಮಾಡಿ, ವಾಹನ ಬರುವವರೆಗೂ ಸುಮ್ಮನೆ ಕೂಡದೆ, ನೆರಳಿನಲ್ಲಿ ಮಲಗಿಸಿ, ಮೈಯೆಲ್ಲ ತಣ್ಣೀರಿನಿಂದ ತೋಯಿಸಿ, ಗಾಳಿ ಬೀಸುತ್ತಲೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಆದರೂ ಅವನನ್ನು ಓಡಲು ಬಿಡುವುದೇ? ಬಿಡದಿದ್ದರೆ ಮೂರನೆಯ ಸೋಲಿಗೆ ನಾನೇ ಕಾರಣನಾಗುವೆನಲ್ಲ! ನಾನು ಹೀಗೆ ತೊಳಲಾಡುತ್ತಿರುವಾಗ ಅಜ್ಜಿ ರೊಟ್ಟಿ ಮುರಿಯುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: “ಎತ್ತಿನ ಹೆಗಲಿಗಿನ ನೊಗಾನೂ ಈ ಹೊತ್ತಿಗೆ ಇಳಸ್ತೀವಿ. ಅದೇನು ಸೋತಂಗ ಆತೇನು? ಸಂಜಿಗೆ ಮತ್ತ ಹೂಡ್ತೀವಿ.”

“ಕಾರು ಹತ್ತು” ಎಂದೆ. ಅಳಿಯ ಒಂದು ಕ್ಷಣ ನನ್ನನ್ನೇ ನೋಡಿದ. ಅನಂತರ ಬೇವಿನ ಬುಡದಲ್ಲಿ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನಿಟ್ಟು, ಮೌನವಾಗಿ ಕಾರಿನಲ್ಲಿ ಕುಳಿತ. ಸಂಜೆಯವರೆಗೆ ನನ್ನೊಡನೆ ಮಾತನಾಡಲಿಲ್ಲ.

ಬಿಸಿಲು ಇಳಿದ ಮೇಲೆ ಐಹೊಳೆಯನ್ನು ನೋಡಹೊರಟೆವು. ನೂರಕ್ಕೂ ಮಿಕ್ಕು ಗುಡಿಗಳಿರುವ ಈ ಊರನ್ನು ದೇವಾಲಯ ಶಿಲ್ಪದ ತೊಟ್ಟಿಲೆನ್ನುವುದು ವಾಡಿಕೆ. ಲಾಡಖಾನ್ ಗುಡಿಯ ಮಾಡಿನಲ್ಲಿ ಕಲ್ಲಿನ ಹಾಸುಗಳ ಸಂದುಗಳ ಮೇಲೆ ಮರದ ತೊಲೆಗಳಂತೆ ಕಲ್ಲಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಮರದ ಮನೆ ಕಟ್ಟಿ ಬಲ್ಲವರು ಕಲ್ಲಿಗೆ ಕೈಹಾಕಿದಾಗಿನ ಅನುಮಾನ ಅದರಲ್ಲಿ ಕಾಣುತ್ತದೆ. ದುರ್ಗದ ಗುಡಿಯ ಹೆಸರು ದೇವಿಯಿಂದ ಬಂದುದಲ್ಲ, ಪಕ್ಕದ ಕೋಟೆಯಿಂದ ಬಂದುದು. ಆನೆಯ ಬೆನ್ನಿನಂತೆ ದುಂಡಾದ ಅದರ ಹಿಂಬದಿಯನ್ನು ಕಂಬಗಳ ಮೊಗಸಾಲೆ ಬಳಸಿದೆ. ಆ ತಂಪಿನಲ್ಲಿ ಅಳಿಯ ಕಾಲು ಚಾಚಿ ಕುಳಿತ. ನಾನು ಮೀನಖಂಡವನ್ನು ಮೆಲ್ಲನೆ ತಿಕ್ಕಿದೆ. ಅವನು ಬೇಡವೆನ್ನಲಿಲ್ಲ.

ಸೂರ್ಯಾಸ್ತದ ಮೊದಲು ನಿಧಾನವಾಗಿ ಮೇಗುತಿ ಗುಡ್ಡವನ್ನು ಏರಿದೆವು. ಅಲ್ಲಿಯ ಜಿನಾಲಯದ ಗೋಡೆಯ ಮೇಲೆ ಶಕವರ್ಷ 556ರ, ಎಂದರೆ ಕ್ರಿ.ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹಾಡಿದ ರವಿಕೀರ್ತಿ ಅದರಲ್ಲಿ ತನ್ನನ್ನು ಕಾಳಿದಾಸ, ಭಾರವಿಗಳೊಡನೆ ಹೋಲಿಸಿಕೊಂಡಿದ್ದಾನೆ. ಕೆಳಗೆ ಮಲಪ್ರಭೆಯ ಬಯಲು ಕೆಂಪಾಗಿತ್ತು. ಈ ಊರಿನ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ಎತ್ತು ಕತ್ತೆಗಳ ಮೇಲೆ ಸರಕು ಹೇರಿಕೊಂಡು ದಕ್ಷಿಣಾಪಥವನ್ನೆಲ್ಲ ಸುತ್ತಿತು. 1088ರ ಹೊತ್ತಿಗೆ ಕಡಲಾಚೆಯ ಸುಮಾತ್ರಾದಲ್ಲಿಯೂ ಆ ಐನೂರ್ವರ ಶಾಸನ ನಿಂತಿತು. ಅಷ್ಟು ದೂರ ಹೋದವರು ಒಂದೇ ಉಸಿರಿಗೆ ಹೋಗಿರಲಾರರು.

ಅಳಿಯ ತಾನಾಗಿ ಮಾತು ತೆಗೆದ. “1912ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಮ್ಯಾರಥಾನಿನಲ್ಲಿ ಹೀಗೆಯೇ ಬಿಸಿಲು, ಮಾವ. ಹೊರಟವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಗುರಿ ಮುಟ್ಟಿದರು. ಪೋರ್ಚುಗಲ್ಲಿನ ಲಾಝಾರೊ ಬಿದ್ದವನು ಮರುದಿನ ತೀರಿಕೊಂಡ. ಜಪಾನಿನ ಕನಕುರಿ ನಡುದಾರಿಯಲ್ಲಿ ಓಟವನ್ನು ಬಿಟ್ಟು, ಯಾರಿಗೂ ಹೇಳದೆ ಊರಿಗೆ ಹೋದರು. 1967ರಲ್ಲಿ ಅದೇ ಊರಿನವರು ಅವರನ್ನು ಕರೆಸಿ, ಓಟವನ್ನು ಮುಗಿಸಲು ಬಿಟ್ಟರು. ಅವರ ಕಾಲ 54 ವರ್ಷ, 8 ತಿಂಗಳು, 6 ದಿನ ಮತ್ತು ಕೆಲವು ಗಂಟೆಗಳು.”

“ನಿನಗಿನ್ನೂ ಒಂದು ದಿನವೂ ಆಗಿಲ್ಲವಲ್ಲ” ಎಂದೆ. ಅವನು ನಕ್ಕ.

ತಪ್ಪೆಲ್ಲಿ ನಡೆಯಿತೆಂದು ಅಲ್ಲಿಯೇ ಕುಳಿತು ಲೆಕ್ಕ ನೋಡಿದೆವು. ಬೆಂಗಳೂರಿನ ತಂಪಿಗೆ ಒಗ್ಗಿದ ಮೈಯನ್ನು ರೈಲಿನಿಂದ ಇಳಿಸಿ ಮರುದಿನವೇ ಬಾದಾಮಿಯ ಬಿಸಿಲಿಗೆ ಒಡ್ಡಿದ್ದು ಮೊದಲನೆಯದು. ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನಗಳ ಅಭ್ಯಾಸ ಬೇಕು. ಅನಂತರ ಬೆವರು ಬೇಗನೆ ಒಸರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹೊತ್ತು ಏರಿದ ಮೇಲೆ ಹೊರಟೂ ವೇಗವನ್ನು ತಗ್ಗಿಸದಿದ್ದುದು ಎರಡನೆಯದು. ಬರಿಯ ನೀರನ್ನೇ ಕುಡಿದದ್ದು ಮೂರನೆಯದು. ಬಾಯಾರಿಕೆಗೆ ಮೀರಿ ನೀರು ಕುಡಿದರೆ ರಕ್ತದಲ್ಲಿಯ ಉಪ್ಪು ತೆಳುವಾಗಿ ಅದೂ ಒಂದು ಅಪಾಯವೇ.

ಮರುದಿನ ನಸುಕಿನಲ್ಲಿ ಕಾರು ನಮ್ಮನ್ನು ಆ ಬೇವಿನ ಮರದ ಬಳಿ ಇಳಿಸಿತು. ಕಲ್ಲಿನ ಮೇಲಿನ ಕಲ್ಲು ಹಾಗೆಯೇ ಇತ್ತು. ಅಜ್ಜಿ ಇನ್ನೂ ಬಂದಿರಲಿಲ್ಲ. “ಓಡುತ್ತೀಯಾ?” ಎಂದು ಕೇಳಿದೆ. “ಬೇಡ, ನಡೆಯೋಣ. ಕಾಲು ಇನ್ನೂ ನೋಯುತ್ತಿದೆ. ನೀವೂ ಬನ್ನಿ” ಎಂದ. ಹಕ್ಕಿಗಳ ಸದ್ದಿನಲ್ಲಿ, ಬೇವಿನ ಹೂವಿನ ಪರಿಮಳದಲ್ಲಿ, ಮಾವ ಅಳಿಯ ಇಬ್ಬರೂ ಐದು ಕಿಲೋಮೀಟರುಗಳನ್ನು ಒಂದು ಗಂಟೆ ಹತ್ತು ನಿಮಿಷದಲ್ಲಿ ನಡೆದು ಐಹೊಳೆಯನ್ನು ಸೇರಿದೆವು. ದುರ್ಗದ ಗುಡಿಯ ಎದುರಿಗೆ ಅವನು ಕೈಗಡಿಯಾರವನ್ನು ನೋಡಿಕೊಂಡು, “ಬಾದಾಮಿಯಿಂದ ಐಹೊಳೆಗೆ ಇಪ್ಪತ್ತಮೂರೂವರೆ ಗಂಟೆ” ಎಂದು ಗಂಭೀರವಾಗಿ ಘೋಷಿಸಿದ.

ಅಮೀನಗಡದ ದಾರಿಯಾಗಿ ಹಿಂದಿರುಗುವಾಗ ಅಕ್ಕನಿಗೆಂದು ಎರಡು ಕಿಲೋ ಕರದಂಟು ಕೊಂಡೆವು. ಮುಂದಿನ ಓಟ ಚಳಿಗಾಲದಲ್ಲಂತೆ. ಅದಕ್ಕೂ ನಾನೇ ಹೋಗಬೇಕಂತೆ. ಈ ಬಾರಿ ಮಜ್ಜಿಗೆಯ ಗಡಿಗೆ ನನ್ನ ಪಾಲಿಗೆ ಬಂದಿದೆ.